ಕಂಪ್ಯೂಟರ್ ಅನಿಮೇಷನ್ ಕಾರ್ಯವಿಧಾನ

ಕಂಪ್ಯೂಟರ್ ಅನಿಮೇಷನ್ ಕಾರ್ಯವಿಧಾನ ಎಂದರೆ ಗಣಕಯಂತ್ರದ ನೆರವಿನಿಂದ ಚಲಿಸುವ ಚಿತ್ರವನ್ನು ತಯಾರಿಸುವಾಗ ಕೆಲಸಗಳನ್ನು ಯಾವ ಅನುಕ್ರಮದಲ್ಲಿ, ಯಾವ ಶಿಸ್ತಿನಿಂದ ಮಾಡಬೇಕು ಎಂಬುದನ್ನು ಗೊತ್ತುಪಡಿಸುವ ವ್ಯವಸ್ಥೆ. ಕಥೆಯ ಆಯ್ಕೆಯಿಂದ ಮೊದಲ್ಗೊಂಡು ಸಿದ್ಧವಾದ ಚಿತ್ರದ ಕಡತಗಳನ್ನು ಕಾಪಿಡುವವರೆಗಿನ ಎಲ್ಲ ಹಂತಗಳೂ ಇದರಲ್ಲಿ ಸೇರುತ್ತವೆ. ದೊಡ್ಡ ಸ್ಟುಡಿಯೋಗಳಲ್ಲಿ ಈ ಹಂತಗಳನ್ನು ಬೇರೆ ಬೇರೆ ವಿಭಾಗಗಳು ನಿರ್ವಹಿಸುತ್ತವೆ. ಅಲ್ಲಿ ಈ ವ್ಯವಸ್ಥೆಗೆ ‘ಪೈಪ್‌ಲೈನ್’ ಎಂಬ ಹೆಸರಿದೆ. ಮನೆಯಲ್ಲಿಯೋ ಕಾಲೇಜಿನಲ್ಲಿಯೋ ಒಂದೇ ಗಣಕದ ಮುಂದೆ ಕುಳಿತು ಕಲಿಯುವ ವಿದ್ಯಾರ್ಥಿಯು ಈ ಎಲ್ಲ ವಿಭಾಗಗಳ ಕೆಲಸವನ್ನೂ ತಾನೊಬ್ಬನೇ ಮಾಡಬೇಕಾಗುವುದರಿಂದ, ಕ್ರಮಬದ್ಧ ಅಭ್ಯಾಸಗಳ ಅಗತ್ಯ ಸ್ಟುಡಿಯೋಗಿಂತ ಅವನಿಗೇ ಹೆಚ್ಚು.

ಕಾರ್ಯವಿಧಾನದ ಮೂಲತತ್ತ್ವ ಸರಳವಾದದ್ದು: ಕೆಲಸ ಮುಂದುವರಿದಷ್ಟೂ ಬದಲಾವಣೆ ದುಬಾರಿಯಾಗುತ್ತದೆ. ಕಾಗದದ ಮೇಲಿನ ರೇಖಾಚಿತ್ರವನ್ನು ತಿದ್ದಲು ಒಂದು ನಿಮಿಷ ಸಾಕು. ಅದೇ ತಿದ್ದುಪಡಿಯನ್ನು ಬೆಳಕು, ಬಣ್ಣ, ಚಲನೆ ಎಲ್ಲವೂ ಮುಗಿದ ಮೇಲೆ ಮಾಡಲು ದಿನಗಳೇ ಬೇಕಾಗಬಹುದು. ಆದುದರಿಂದ ಪ್ರತಿಯೊಂದು ನಿರ್ಧಾರವನ್ನೂ ಅದು ಅಗ್ಗವಾಗಿರುವ ಹಂತದಲ್ಲಿಯೇ ಕೈಗೊಳ್ಳುವುದು ದಕ್ಷ ಕಾರ್ಯವಿಧಾನದ ಲಕ್ಷಣ.

## ಹಿನ್ನೆಲೆ

ಕಾರ್ಯವಿಭಜನೆಯ ಕಲ್ಪನೆ ಗಣಕಗಳಿಗಿಂತ ಹಳೆಯದು. ಕೈಬರಹದ ಅನಿಮೇಷನ್ ಕಾಲದಲ್ಲಿಯೇ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಮಾತ್ರ ಬಿಡಿಸಿ, ನಡುವಿನ ಚಿತ್ರಗಳನ್ನು ಸಹಾಯಕರಿಗೆ ಬಿಡುತ್ತಿದ್ದರು. ಇಂದಿನ ತಂತ್ರಾಂಶಗಳಲ್ಲಿರುವ ‘ಕೀಫ್ರೇಮ್’ ಎಂಬ ಪದ ಆ ಪದ್ಧತಿಯಿಂದಲೇ ಬಂದದ್ದು; ನಡುವಿನ ಚಿತ್ರಗಳನ್ನು ತುಂಬುವ ಸಹಾಯಕನ ಸ್ಥಾನದಲ್ಲಿ ಈಗ ಗಣಕವಿದೆ. ಡಿಸ್ನಿ ಸಂಸ್ಥೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲೀ ಜಾನ್‌ಸ್ಟನ್ ಅವರು 1981ರಲ್ಲಿ ಪ್ರಕಟಿಸಿದ ‘ದಿ ಇಲ್ಯೂಷನ್ ಆಫ್ ಲೈಫ್’ ಗ್ರಂಥದಲ್ಲಿ ಅನಿಮೇಷನ್‌ನ ಹನ್ನೆರಡು ಸೂತ್ರಗಳನ್ನು ನಿರೂಪಿಸಿದರು. ಅವು ಇಂದಿಗೂ ಪಠ್ಯಕ್ರಮಗಳ ಆಧಾರವಾಗಿವೆ.

ಭಾರತದಲ್ಲಿ ವ್ಯವಸ್ಥಿತ ತರಬೇತಿಯು 1956ರಲ್ಲಿ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಅವರು ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದಾಗ ಆರಂಭವಾಯಿತು. ಅವರ ಮಾರ್ಗದರ್ಶನದಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬ್ಯಾನಿಯನ್ ಡೀರ್’ ಎಂಬ ಕಿರುಚಿತ್ರ 1957ರಲ್ಲಿ ಸಿದ್ಧವಾಯಿತು. 1995ರಲ್ಲಿ ಬಿಡುಗಡೆಯಾದ ‘ಟಾಯ್ ಸ್ಟೋರಿ’ ಸಂಪೂರ್ಣವಾಗಿ ಗಣಕದಲ್ಲಿ ತಯಾರಾದ ಮೊದಲ ಪೂರ್ಣಾವಧಿ ಕಥಾಚಿತ್ರ.

ಹೊಸಬರಿಗೆ ಈ ಕ್ಷೇತ್ರದ ಬಾಗಿಲು ತೆರೆದದ್ದು ಉಚಿತ ಹಾಗೂ ಮುಕ್ತ ತಂತ್ರಾಂಶಗಳಿಂದ. ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ಅವರು 1994ರಲ್ಲಿ ರೂಪಿಸತೊಡಗಿದ ಬ್ಲೆಂಡರ್ ತಂತ್ರಾಂಶ 2002ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು. ಎರಡು ಆಯಾಮದ ಕೆಲಸಕ್ಕೆ ಬಳಸುವ ಓಪನ್‌ಟೂನ್ಜ್ 2016ರಲ್ಲಿ ಮುಕ್ತವಾಯಿತು. ಕ್ರೀಟಾ, ಸಿನ್‌ಫಿಗ್, ಪೆನ್ಸಿಲ್‌2ಡಿ ಇವೂ ಉಚಿತವಾಗಿ ದೊರೆಯುತ್ತವೆ. ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅವರು ಬ್ಲೆಂಡರ್‌ನಲ್ಲಿ ತಯಾರಿಸಿದ ‘ಫ್ಲೋ’ (2024) ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಕಥಾಚಿತ್ರದ ಆಸ್ಕರ್ ಪ್ರಶಸ್ತಿ ಲಭಿಸಿತು.

## ಕೆಲಸದ ಹಂತಗಳು

ಕೆಳಗಿನ ಕೋಷ್ಟಕದಲ್ಲಿ ಒಂದು ಕಿರುಚಿತ್ರದ ಸಾಮಾನ್ಯ ಹಂತಗಳನ್ನೂ, ಪ್ರತಿಯೊಂದು ಹಂತದಲ್ಲಿ ಇತ್ಯರ್ಥವಾಗಬೇಕಾದ ಸಂಗತಿಯನ್ನೂ ಕೊಡಲಾಗಿದೆ.

| ಹಂತ | ಇತ್ಯರ್ಥವಾಗಬೇಕಾದದ್ದು | ನಂತರ ಬದಲಾಯಿಸಿದರೆ |
|---|---|---|
| ಕಥೆ ಮತ್ತು ಚಿತ್ರಕಥೆ | ಏನು ನಡೆಯುತ್ತದೆ, ಎಷ್ಟು ಪಾತ್ರಗಳು | ಎಲ್ಲವೂ ಬದಲಾಗುತ್ತದೆ |
| ಸ್ಟೋರಿಬೋರ್ಡ್ | ಕ್ಯಾಮೆರಾ ಎಲ್ಲಿ, ಪ್ರತಿ ಶಾಟ್‌ನಲ್ಲಿ ಏನು ಕಾಣುತ್ತದೆ | ಮಾದರಿ, ಹಿನ್ನೆಲೆ ಪುನಃ ಮಾಡಬೇಕು |
| ಅನಿಮ್ಯಾಟಿಕ್ | ಪ್ರತಿ ಶಾಟ್‌ನ ಅವಧಿ, ಧ್ವನಿ | ಚಲನೆಯನ್ನು ಪುನಃ ಹೊಂದಿಸಬೇಕು |
| ಮಾದರಿ ರಚನೆ | ಪಾತ್ರ ಮತ್ತು ವಸ್ತುಗಳ ಆಕಾರ | ರಿಗ್ ಕೆಡುತ್ತದೆ |
| ರಿಗ್ಗಿಂಗ್ | ಕೀಲುಗಳು, ಎಲುಬುಗಳು | ಚಲನೆ ಕೆಡುತ್ತದೆ |
| ಚಲನೆ | ಭಂಗಿ, ಕಾಲಗತಿ, ಅಭಿನಯ | ಪುನಃ ರೆಂಡರ್ ಮಾಡಬೇಕು |
| ಬೆಳಕು ಮತ್ತು ರೆಂಡರಿಂಗ್ | ಅಂತಿಮ ನೋಟ | ಗಂಟೆಗಟ್ಟಲೆ ಕಾಯಬೇಕು |
| ಸಂಕಲನ | ಧ್ವನಿ, ಶೀರ್ಷಿಕೆ, ಬಣ್ಣದ ತಿದ್ದುಪಡಿ | ಬದಲಾವಣೆ ಸುಲಭ |

ಸ್ಟೋರಿಬೋರ್ಡಿನ ಚಿತ್ರಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ಸರಿಯಾದ ಅವಧಿಗೆ ಜೋಡಿಸಿದ ಕರಡು ಚಿತ್ರವೇ ಅನಿಮ್ಯಾಟಿಕ್. ಹೊಸಬರು ಸಾಮಾನ್ಯವಾಗಿ ಕೈಬಿಡುವ ಹಂತ ಇದು. ಆದರೆ ಅತಿ ಹೆಚ್ಚು ಶ್ರಮ ಉಳಿಸುವ ಹಂತವೂ ಇದೇ. ಫೋನಿನಲ್ಲಿ ತೆಗೆದ ರೇಖಾಚಿತ್ರಗಳ ಛಾಯಾಚಿತ್ರಗಳನ್ನೂ, ಸ್ವಂತ ಧ್ವನಿಯಲ್ಲಿ ಓದಿದ ಸಂಭಾಷಣೆಯನ್ನೂ ಯಾವುದೇ ವೀಡಿಯೊ ಸಂಕಲನ ತಂತ್ರಾಂಶದಲ್ಲಿ ಜೋಡಿಸಿ ಇದನ್ನು ಸಿದ್ಧಪಡಿಸಬಹುದು. ನೋಡಿದವರಿಗೆ ಅನಿಮ್ಯಾಟಿಕ್‌ನಲ್ಲಿಯೇ ಕಥೆ ಅರ್ಥವಾಗದಿದ್ದರೆ, ಬಣ್ಣ ಮತ್ತು ಬೆಳಕು ಸೇರಿದ ಮೇಲೂ ಅರ್ಥವಾಗುವುದಿಲ್ಲ.

## ಹೊಸಬರು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

### ಚೌಕಟ್ಟುಗಳ ಲೆಕ್ಕ

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿರುವುದು ರೂಢಿ. ಭಾರತದ ದೂರದರ್ಶನ ಪ್ರಸಾರದಲ್ಲಿ ಈ ಸಂಖ್ಯೆ 25. ಈ ವೇಗವನ್ನು ಕೆಲಸದ ಆರಂಭದಲ್ಲಿಯೇ ನಿಗದಿಪಡಿಸಬೇಕು. ಮಧ್ಯದಲ್ಲಿ ಬದಲಾಯಿಸಿದರೆ ಧ್ವನಿಗೂ ಚಲನೆಗೂ ಹೊಂದಾಣಿಕೆ ತಪ್ಪುತ್ತದೆ.

ಉದಾಹರಣೆಗೆ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೋತಿಯೊಂದು ಹಣ್ಣು ಕಿತ್ತು ಓಡುವ 20 ಸೆಕೆಂಡಿನ ಚಿತ್ರವನ್ನು ವಿದ್ಯಾರ್ಥಿಯೊಬ್ಬರು ಯೋಜಿಸಿದ್ದಾರೆಂದು ಭಾವಿಸಬಹುದು. 20 ಸೆಕೆಂಡಿಗೆ 480 ಚೌಕಟ್ಟುಗಳು. ಒಂದು ಚೌಕಟ್ಟು ರೆಂಡರ್ ಆಗಲು 2 ನಿಮಿಷ ಬೇಕಾದರೆ ಒಟ್ಟು 16 ಗಂಟೆ. 30 ಸೆಕೆಂಡಿಗೆ ಇಳಿಸಿದರೆ 4 ಗಂಟೆ. ಅದೇ ಚಿತ್ರವನ್ನು 3 ನಿಮಿಷಕ್ಕೆ ಹಿಗ್ಗಿಸಿದರೆ 4,320 ಚೌಕಟ್ಟುಗಳಾಗುತ್ತವೆ. 2 ನಿಮಿಷದ ಲೆಕ್ಕದಲ್ಲಿ ಗಣಕವು 144 ಗಂಟೆ, ಅಂದರೆ ಆರು ದಿನ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಈ ಗುಣಾಕಾರವನ್ನು ಕಥೆ ಬರೆಯುವಾಗಲೇ ಮಾಡಿಕೊಂಡರೆ, ಮೊದಲ ಪ್ರಯತ್ನಕ್ಕೆ ಅರ್ಧ ನಿಮಿಷದೊಳಗಿನ, ಒಂದು ಅಥವಾ ಎರಡು ಪಾತ್ರಗಳ ಕಥೆಯೇ ಏಕೆ ಸೂಕ್ತವೆಂಬುದು ಸ್ಪಷ್ಟವಾಗುತ್ತದೆ.

### ಕಡತಗಳ ಹೆಸರು ಮತ್ತು ವಿಂಗಡಣೆ

ಕೆಲಸ ಆರಂಭಿಸುವ ಮೊದಲು ಒಂದು ಮುಖ್ಯ ಫೋಲ್ಡರನ್ನೂ, ಅದರೊಳಗೆ ಕಥೆ, ಧ್ವನಿ, ಮಾದರಿಗಳು, ಮೇಲ್ಮೈ ಚಿತ್ರಗಳು, ಶಾಟ್‌ಗಳು, ರೆಂಡರ್, ಅಂತಿಮ ಚಿತ್ರ ಎಂಬ ಉಪಫೋಲ್ಡರುಗಳನ್ನೂ ಮಾಡಿಕೊಳ್ಳುವುದು ಉತ್ತಮ. ಕಡತದ ಹೆಸರಿನಲ್ಲಿ ಚಿತ್ರದ ಹೆಸರು, ಶಾಟ್‌ನ ಸಂಖ್ಯೆ, ಕೆಲಸದ ಬಗೆ, ಆವೃತ್ತಿ ಸಂಖ್ಯೆ ಇವು ಸದಾ ಒಂದೇ ಅನುಕ್ರಮದಲ್ಲಿ ಬರಬೇಕು: ‘ಮಾವು_020_ಚಲನೆ_007’ ಎಂಬಂತೆ. ಈ ಕ್ರಮದಲ್ಲಿ ಕೆಲವು ನಿಯಮಗಳನ್ನು ಪಾಲಿಸಲಾಗುತ್ತದೆ:

* ಪದಗಳ ನಡುವೆ ಖಾಲಿ ಜಾಗದ ಬದಲು ಅಡಿಗೆರೆ ಬಳಸುವುದು. ಖಾಲಿ ಜಾಗ ಅಥವಾ ವಿಶೇಷ ಚಿಹ್ನೆಗಳಿರುವ ಹೆಸರುಗಳು ಕೆಲವು ತಂತ್ರಾಂಶಗಳಲ್ಲಿ ತೊಂದರೆ ಕೊಡುತ್ತವೆ. ಇದೇ ಕಾರಣಕ್ಕೆ ಸ್ಟುಡಿಯೋಗಳಲ್ಲಿ ಕಡತಗಳನ್ನು ರೋಮನ್ ಲಿಪಿಯಲ್ಲಿ ಹೆಸರಿಸುವುದು ವಾಡಿಕೆ.
* ಸಂಖ್ಯೆಗಳನ್ನು 7 ಎನ್ನುವ ಬದಲು 007 ಎಂದು ಬರೆಯುವುದು. ಹೀಗೆ ಮಾಡಿದರೆ 10ನೆಯ ಆವೃತ್ತಿ 9ರ ನಂತರವೇ ಕಾಣಿಸುತ್ತದೆ.
* ಶಾಟ್‌ಗಳಿಗೆ 010, 020, 030 ಎಂದು ಹತ್ತರ ಅಂತರದಲ್ಲಿ ಸಂಖ್ಯೆ ನೀಡುವುದು. ನಡುವೆ ಹೊಸ ಶಾಟ್ ಸೇರಿದರೆ ಅದಕ್ಕೆ 015 ಎಂದು ಕೊಡಬಹುದು, ಉಳಿದವನ್ನು ಬದಲಾಯಿಸಬೇಕಿಲ್ಲ.
* ‘ಅಂತಿಮ’, ‘ಹೊಸ ಅಂತಿಮ’, ‘ನಿಜವಾದ ಅಂತಿಮ’ ಎಂಬ ಹೆಸರುಗಳನ್ನು ಬಳಸದಿರುವುದು.

ತಂತ್ರಾಂಶದೊಳಗಿನ ವಸ್ತುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತಂತ್ರಾಂಶವು ತಾನೇ ಕೊಡುವ ‘ಕ್ಯೂಬ್ 001’, ‘ಕ್ಯೂಬ್ 002’ ಎಂಬ ಹೆಸರುಗಳನ್ನು ಹಾಗೆಯೇ ಬಿಟ್ಟರೆ, ನೂರು ವಸ್ತುಗಳಾದ ಮೇಲೆ ಕೋತಿಯ ಎಡಗೈ ಯಾವುದೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಕಡತವೊಂದು ಬೇರೆ ಕಡತಗಳನ್ನು ಅವಲಂಬಿಸಿರುವಾಗ, ಅವುಗಳ ದಾರಿಯನ್ನು ಮುಖ್ಯ ಫೋಲ್ಡರಿಗೆ ಸಾಪೇಕ್ಷವಾಗಿ ದಾಖಲಿಸಬೇಕು. ಇಲ್ಲವಾದರೆ ಮನೆಯ ಗಣಕದಲ್ಲಿ ಸರಿಯಾಗಿದ್ದ ದೃಶ್ಯವು ಕಾಲೇಜಿನ ಗಣಕದಲ್ಲಿ ತೆರೆದಾಗ ಮೇಲ್ಮೈ ಚಿತ್ರಗಳನ್ನು ಕಳೆದುಕೊಂಡಿರುತ್ತದೆ. ಬ್ಲೆಂಡರ್‌ನಲ್ಲಿ ಹೀಗೆ ಕಳೆದುಹೋದ ಮೇಲ್ಮೈಗಳು ಎದ್ದುಕಾಣುವ ಗುಲಾಬಿ ಬಣ್ಣದಲ್ಲಿ ತೋರುತ್ತವೆ.

### ಉಳಿಸುವಿಕೆ ಮತ್ತು ಪ್ರತಿಗಳು

ವಿದ್ಯುತ್ ಅನಿರೀಕ್ಷಿತವಾಗಿ ಕಡಿತಗೊಳ್ಳುವ ಊರುಗಳಲ್ಲಿ, ವಿಶೇಷವಾಗಿ ಬ್ಯಾಟರಿಯ ಆಸರೆಯಿಲ್ಲದ ಮೇಜುಗಣಕಗಳಲ್ಲಿ, ಆಗಾಗ್ಗೆ ಉಳಿಸುವುದು ಮೊದಲ ಅಭ್ಯಾಸವಾಗಬೇಕು. ಬ್ಲೆಂಡರ್ ಸ್ಥಾಪನೆಯಾದ ಸ್ಥಿತಿಯಲ್ಲಿ ಎರಡು ನಿಮಿಷಕ್ಕೊಮ್ಮೆ ತಾತ್ಕಾಲಿಕ ಪ್ರತಿಯೊಂದನ್ನು ತಾನೇ ಉಳಿಸುತ್ತದೆ; ಆದರೆ ಇದು ಅಪಘಾತದ ಸಂದರ್ಭಕ್ಕೆ ಮಾತ್ರ ಉಪಯುಕ್ತ. ಕಲಾವಿದರು ಪ್ರತಿಯೊಂದು ಮುಖ್ಯ ಬದಲಾವಣೆಯ ನಂತರ ಆವೃತ್ತಿ ಸಂಖ್ಯೆಯನ್ನು ಏರಿಸಿ ಹೊಸ ಕಡತವಾಗಿ ಉಳಿಸುತ್ತಾರೆ. ಇದರಿಂದ ಹಾಳಾದ ಕಡತದಿಂದ ಪಾರಾಗುವುದಷ್ಟೇ ಅಲ್ಲದೆ, ಪ್ರಯೋಗ ವಿಫಲವಾದಾಗ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವಾಗುತ್ತದೆ. ಹಾಗಾಗಿ ಧೈರ್ಯದಿಂದ ಪ್ರಯೋಗ ಮಾಡಲೂ ಸಾಧ್ಯವಾಗುತ್ತದೆ.

ಒಂದೇ ಗಣಕದಲ್ಲಿ ಎಷ್ಟು ಆವೃತ್ತಿಗಳಿದ್ದರೂ ಅವು ಸುರಕ್ಷಿತವಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಪ್ರಚಲಿತ ಸೂತ್ರ. ಗಣಕದಲ್ಲೊಂದು, ಪೆನ್‌ಡ್ರೈವ್ ಅಥವಾ ಹೊರ ಹಾರ್ಡ್‌ಡಿಸ್ಕ್‌ನಲ್ಲೊಂದು, ಅಂತರಜಾಲದ ಸಂಗ್ರಹದಲ್ಲೊಂದು ಪ್ರತಿ ಇದ್ದರೆ ಈ ಸೂತ್ರ ಪಾಲನೆಯಾದಂತೆ. ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ 2’ ತಯಾರಿಕೆಯ ಘಟನೆಯನ್ನು ಈ ಸಂಬಂಧದಲ್ಲಿ ಹೆಚ್ಚಾಗಿ ಉಲ್ಲೇಖಿಸಲಾಗುತ್ತದೆ. 1998ರಲ್ಲಿ ತಪ್ಪಾದ ಆಜ್ಞೆಯೊಂದರಿಂದ ಆ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಕಾಪು ಪ್ರತಿಗಳನ್ನು ತೆರೆದು ನೋಡಿದಾಗ ಅವೂ ಸರಿಯಾಗಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಮನೆಯ ಗಣಕದಲ್ಲಿದ್ದ ಪ್ರತಿಯಿಂದ ಚಿತ್ರವನ್ನು ಮರಳಿ ಪಡೆಯಲಾಯಿತು. ಪ್ರತಿ ಮಾಡಿದರೆ ಸಾಲದು, ಅದು ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕೆಂಬುದು ಈ ಘಟನೆಯ ಪಾಠ.

### ಆಧಾರ ದೃಶ್ಯ

ಚಲನೆಯನ್ನು ನೆನಪಿನಿಂದ ರಚಿಸುವುದಕ್ಕಿಂತ ನೋಡಿ ರಚಿಸುವುದು ಶೀಘ್ರವೂ ನಿಖರವೂ ಆದ ಮಾರ್ಗ. ಪಾತ್ರದ ಕ್ರಿಯೆಯನ್ನು ತಾವೇ ಅಭಿನಯಿಸಿ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುವುದು ವೃತ್ತಿನಿರತರಲ್ಲಿಯೂ ಇರುವ ರೂಢಿ. ಆ ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ನೋಡಿ, ದೇಹದ ಭಾರ ಯಾವ ಕಾಲಿನ ಮೇಲಿದೆ, ಸೊಂಟ ಯಾವಾಗ ತಗ್ಗುತ್ತದೆ, ಕಣ್ಣು ಮತ್ತು ತಲೆಗಳಲ್ಲಿ ಮೊದಲು ತಿರುಗುವುದು ಯಾವುದು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ದೃಶ್ಯವನ್ನು ಯಥಾವತ್ತಾಗಿ ನಕಲು ಮಾಡಿದರೆ ಚಲನೆ ಸಪ್ಪೆಯಾಗಿ ತೋರುವುದುಂಟು. ಭಂಗಿಗಳನ್ನು ಸ್ವಲ್ಪ ಉತ್ಪ್ರೇಕ್ಷಿಸುವುದು ಅನಿಮೇಷನ್‌ನ ಹನ್ನೆರಡು ಸೂತ್ರಗಳಲ್ಲೊಂದು.

### ಭಂಗಿಯಿಂದ ಚಲನೆಗೆ

ಚಲನೆಯ ರಚನೆಯಲ್ಲಿ ಸ್ಥೂಲದಿಂದ ಸೂಕ್ಷ್ಮಕ್ಕೆ ಸಾಗುವುದು ಸಮ್ಮತ ಕ್ರಮ. ಮೊದಲು ಮುಖ್ಯ ಭಂಗಿಗಳನ್ನು ಮಾತ್ರ ನಿಲ್ಲಿಸಲಾಗುತ್ತದೆ. ಇದನ್ನು ‘ಬ್ಲಾಕಿಂಗ್’ ಎನ್ನುತ್ತಾರೆ. ಈ ಹಂತದಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುವಂತೆ ಕೀಫ್ರೇಮ್‌ಗಳನ್ನು ಹೊಂದಿಸಿದರೆ, ಗಣಕವು ನಡುವೆ ತುಂಬುವ ನುಣುಪಾದ ಆದರೆ ನಿರ್ಜೀವ ಚಲನೆ ಕಣ್ಣಿಗೆ ಮೋಸ ಮಾಡುವುದಿಲ್ಲ. ಭಂಗಿಗಳೂ ಕಾಲಗತಿಯೂ ಸರಿಯೆನಿಸಿದ ಮೇಲೆ ನಡುವಿನ ಭಂಗಿಗಳನ್ನು ಸೇರಿಸಿ, ನಂತರ ವಕ್ರರೇಖೆಗಳ ಮೂಲಕ ನಯಗೊಳಿಸಲಾಗುತ್ತದೆ. ಬೆರಳು, ಬಾಲ, ಬಟ್ಟೆ ಮುಂತಾದ ವಿವರಗಳು ಕೊನೆಗೆ ಬರುತ್ತವೆ.

ನಡಿಗೆಯ ಅಭ್ಯಾಸ ಇದಕ್ಕೆ ಉತ್ತಮ ಉದಾಹರಣೆ. ಸೆಕೆಂಡಿಗೆ 24 ಚೌಕಟ್ಟುಗಳಿರುವಾಗ ಸಾಮಾನ್ಯ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12 ಚೌಕಟ್ಟುಗಳು ಬೇಕು. ಪಾದ ನೆಲ ಮುಟ್ಟುವ ಭಂಗಿ, ದೇಹ ತಗ್ಗುವ ಭಂಗಿ, ಒಂದು ಕಾಲು ಇನ್ನೊಂದನ್ನು ದಾಟುವ ಭಂಗಿ, ದೇಹ ಏರುವ ಭಂಗಿ, ಈ ನಾಲ್ಕನ್ನು ರಚಿಸಿದರೆ ಒಂದು ಹೆಜ್ಜೆ. ಅವನ್ನೇ ಎಡಬಲ ತಿರುಗಿಸಿದರೆ ಎರಡನೆಯ ಹೆಜ್ಜೆ. ಹೀಗೆ 24 ಚೌಕಟ್ಟುಗಳ ಆವರ್ತನ ಸಿದ್ಧವಾದರೆ, ಪಾತ್ರವು ಎಷ್ಟು ದೂರ ಬೇಕಾದರೂ ನಡೆಯಬಲ್ಲದು.

### ರಿಗ್ ಮತ್ತು ತೊಗಲುಗೊಂಬೆ

ಪಾತ್ರವನ್ನು ಆಡಿಸಲು ಅದರೊಳಗೆ ಅಳವಡಿಸುವ ಎಲುಬು ಮತ್ತು ಕೀಲುಗಳ ಜಾಲವನ್ನು ‘ರಿಗ್’ ಎನ್ನುತ್ತಾರೆ. ಕರ್ನಾಟಕದ ಓದುಗರಿಗೆ ಇದರ ತತ್ತ್ವ ತೊಗಲುಗೊಂಬೆಯಾಟದಿಂದ ಸುಲಭವಾಗಿ ತಿಳಿಯುತ್ತದೆ. ಕೀಲುಳ್ಳ ತೊಗಲುಗೊಂಬೆಯಲ್ಲಿ ಮುಂಡಕ್ಕೆ ತೋಳು, ತೋಳಿಗೆ ಮುಂಗೈ ದಾರದಿಂದ ಪೋಣಿಸಲ್ಪಟ್ಟಿರುತ್ತವೆ. ತೋಳನ್ನು ಎತ್ತಿದರೆ ಮುಂಗೈಯೂ ಜೊತೆಗೆ ಏಳುತ್ತದೆ, ಮುಂಗೈಯನ್ನು ಅಲುಗಿಸಿದರೆ ತೋಳು ನಿಂತಲ್ಲೇ ಇರುತ್ತದೆ. ಗಣಕದ ರಿಗ್‌ನಲ್ಲಿರುವ ಮೇಲು-ಕೆಳಗಿನ ಸಂಬಂಧ ಇದೇ ಬಗೆಯದು. ಎರಡು ಆಯಾಮದ ‘ಕಟ್‌ಔಟ್’ ಅನಿಮೇಷನ್ ಕಲಿಯುವವರು ಪಾತ್ರದ ಅಂಗಗಳನ್ನು ಬೇರೆ ಬೇರೆ ಪದರಗಳಲ್ಲಿ ಬಿಡಿಸಿ, ಕೀಲಿನ ಬಳಿ ಅಂಚುಗಳು ದುಂಡಾಗಿ ಒಂದರ ಮೇಲೊಂದು ಬರುವಂತೆ ಮಾಡಬೇಕು. ಇಲ್ಲವಾದರೆ ಕೈ ಬಾಗಿದಾಗ ನಡುವೆ ಬಿರುಕು ಕಾಣುತ್ತದೆ.

ಮೂರು ಆಯಾಮದ ಮಾದರಿಗೆ ರಿಗ್ ಅಳವಡಿಸುವ ಮೊದಲು ಅದರ ಅಳತೆ ಮತ್ತು ತಿರುವುಗಳ ಮೌಲ್ಯಗಳನ್ನು ಮೂಲಸ್ಥಿತಿಗೆ ತರಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟರೆ ಮುಂದೆ ಅಂಗಗಳು ವಿಕಾರವಾಗಿ ಹಿಗ್ಗುವ ಸಮಸ್ಯೆ ಎದುರಾಗುತ್ತದೆ. ಮೊದಲ ಕೆಲವು ಅಭ್ಯಾಸಗಳಿಗೆ ಉಚಿತವಾಗಿ ದೊರೆಯುವ ಸಿದ್ಧ ರಿಗ್‌ಗಳನ್ನು ಬಳಸಿ ಚಲನೆಯನ್ನಷ್ಟೇ ಕಲಿಯುವುದರಿಂದ ಸಮಯ ಉಳಿಯುತ್ತದೆ.

### ಕೀಲಿಮಣೆಯ ಬಳಕೆ

ಪದೇ ಪದೇ ಮಾಡುವ ಕ್ರಿಯೆಗಳನ್ನು ಕೀಲಿಮಣೆಯಿಂದಲೇ ಮಾಡುವುದು ಕಾಲವನ್ನು ಉಳಿಸುತ್ತದೆ. ಬ್ಲೆಂಡರ್‌ನಲ್ಲಿ ‘ಜಿ’ ಕೀಲಿ ವಸ್ತುವನ್ನು ಸರಿಸಲು, ‘ಆರ್’ ತಿರುಗಿಸಲು, ‘ಎಸ್’ ಗಾತ್ರ ಬದಲಿಸಲು, ‘ಐ’ ಕೀಫ್ರೇಮ್ ಸೇರಿಸಲು ಬಳಕೆಯಾಗುತ್ತವೆ. ಇವುಗಳಲ್ಲಿ ಮೊದಲ ಮೂರರ ನಂತರ ‘ಎಕ್ಸ್’, ‘ವೈ’ ಅಥವಾ ‘ಝಡ್’ ಒತ್ತಿದರೆ ಕ್ರಿಯೆಯು ಆ ಅಕ್ಷಕ್ಕೆ ಸೀಮಿತವಾಗುತ್ತದೆ. ಎಲ್ಲ ಕೀಲಿಗಳನ್ನೂ ಒಮ್ಮೆಗೇ ಕಂಠಪಾಠ ಮಾಡುವ ಬದಲು, ವಾರಕ್ಕೆ ಐದಾರರಂತೆ ಕಾಗದದಲ್ಲಿ ಬರೆದು ಮುಂದಿಟ್ಟುಕೊಂಡು ಬಳಸಿದರೆ ಅವು ಕೈಗೆ ಹತ್ತುತ್ತವೆ.

### ರೆಂಡರಿಂಗ್

ಗಣಕವು ಪ್ರತಿಯೊಂದು ಚೌಕಟ್ಟಿನ ಬೆಳಕು, ನೆರಳು, ಬಣ್ಣಗಳನ್ನು ಲೆಕ್ಕಹಾಕಿ ಚಿತ್ರವಾಗಿಸುವ ಕ್ರಿಯೆಯೇ ರೆಂಡರಿಂಗ್. ಸಾಧಾರಣ ಗಣಕಗಳಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಳ್ಳುವ ಹಂತ ಇದು. ಇಲ್ಲಿ ಪಾಲಿಸಬೇಕಾದ ಮುಖ್ಯ ಅಭ್ಯಾಸಗಳು ಹೀಗಿವೆ:

* ನೇರವಾಗಿ ವೀಡಿಯೊ ಕಡತವಾಗಿ ರೆಂಡರ್ ಮಾಡದೆ, ಪ್ರತಿ ಚೌಕಟ್ಟನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸುವುದು. 311ನೆಯ ಚೌಕಟ್ಟಿನಲ್ಲಿ ವಿದ್ಯುತ್ ಹೋದರೆ, ಮರಳಿ ಅಲ್ಲಿಂದಲೇ ಮುಂದುವರಿಸಬಹುದು. ವೀಡಿಯೊ ಕಡತವಾದರೆ ಅದುವರೆಗಿನ ಶ್ರಮವೆಲ್ಲ ನಷ್ಟವಾಗುವ ಸಂಭವವಿದೆ.
* ಪರೀಕ್ಷಾ ರೆಂಡರನ್ನು ಅರ್ಧ ಅಳತೆಯಲ್ಲಿ ಮಾಡುವುದು. 1920×1080ರ ಬದಲು 960×540 ಅಳತೆಯಲ್ಲಿ ಬಿಂದುಗಳ ಸಂಖ್ಯೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.
* ಚಲನೆಯನ್ನು ಪರಿಶೀಲಿಸಲು ಬೆಳಕು-ನೆರಳಿಲ್ಲದ ಶೀಘ್ರ ಮುನ್ನೋಟವನ್ನು ಬಳಸುವುದು.
* ಕಿರಣಗಳ ಪಥವನ್ನು ಲೆಕ್ಕಹಾಕುವ ವಿಧಾನದಲ್ಲಿ ಮಾದರಿಸಂಖ್ಯೆಯನ್ನು ಮಿತಿಯಲ್ಲಿಡುವುದು. ಚಿತ್ರದ ಕಾಳುಕಾಳಾದ ಗದ್ದಲವನ್ನು ಅರ್ಧಕ್ಕಿಳಿಸಲು ಮಾದರಿಸಂಖ್ಯೆಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ. ಆದುದರಿಂದ ಕಡಿಮೆ ಮಾದರಿಗಳೊಂದಿಗೆ ಗದ್ದಲನಿವಾರಕವನ್ನು ಬಳಸುವುದು ಲಾಭಕರ.
* ಇಡೀ ಶಾಟ್ ಆರಂಭಿಸುವ ಮುನ್ನ ಮೊದಲ, ಮಧ್ಯದ ಮತ್ತು ಕೊನೆಯ ಚೌಕಟ್ಟುಗಳನ್ನು ಪೂರ್ಣ ಗುಣಮಟ್ಟದಲ್ಲಿ ಪರೀಕ್ಷಿಸುವುದು.

2019ರಲ್ಲಿ ಬಂದ ಬ್ಲೆಂಡರ್ 2.80 ಆವೃತ್ತಿಯಿಂದ ದೊರೆಯುವ ‘ಈವೀ’ ಎಂಬ ಶೀಘ್ರ ರೆಂಡರ್ ವ್ಯವಸ್ಥೆಯು ಸಾಧಾರಣ ಗಣಕವುಳ್ಳ ವಿದ್ಯಾರ್ಥಿಗಳಿಗೆ ಹೆಚ್ಚು ಅನುಕೂಲಕರವಾಗಿದೆ.

## ಕನ್ನಡಕ್ಕೆ ವಿಶಿಷ್ಟವಾದ ಅಂಶಗಳು

### ತುಟಿಚಲನೆ

ಸಂಭಾಷಣೆಗೆ ತಕ್ಕಂತೆ ಪಾತ್ರದ ಬಾಯಿಯನ್ನು ಆಡಿಸುವ ಕೆಲಸದಲ್ಲಿ ಕನ್ನಡ ವರ್ಣಮಾಲೆಯೇ ಉತ್ತಮ ಮಾರ್ಗದರ್ಶಿ. ವರ್ಗೀಯ ವ್ಯಂಜನಗಳು ಉಚ್ಚಾರಣಾ ಸ್ಥಾನದ ಪ್ರಕಾರ ವಿಂಗಡಿತವಾಗಿರುವುದರಿಂದ, ಯಾವ ಅಕ್ಷರಕ್ಕೆ ತುಟಿ ಮುಚ್ಚಬೇಕೆಂಬುದು ಸುಲಭವಾಗಿ ತಿಳಿಯುತ್ತದೆ. ಪ, ಫ, ಬ, ಭ, ಮ ಎಂಬ ಪವರ್ಗಕ್ಕೆ ತುಟಿಗಳು ಕೂಡಲೇಬೇಕು; ಇದು ತಪ್ಪಿದರೆ ನೋಡುಗರಿಗೆ ಕೂಡಲೇ ಗೊತ್ತಾಗುತ್ತದೆ. ಕವರ್ಗ, ಟವರ್ಗಗಳಲ್ಲಿ ನಾಲಿಗೆಯ ಕೆಲಸ ಒಳಗೇ ನಡೆಯುವುದರಿಂದ ಪಕ್ಕದ ಸ್ವರದ ಆಕಾರವನ್ನೇ ತೋರಿಸಿದರೆ ಸಾಕು. ಉ, ಊ, ಒ, ಓ ಸ್ವರಗಳಿಗೆ ತುಟಿ ದುಂಡಾಗುತ್ತದೆ. ಇ, ಈ, ಎ, ಏ ಸ್ವರಗಳಿಗೆ ಅಗಲವಾಗುತ್ತದೆ. ಅ, ಆ ಸ್ವರಗಳಿಗೆ ಬಾಯಿ ತೆರೆಯುತ್ತದೆ.

‘ಅಪ್ಪ’, ‘ಅಮ್ಮ’ ಮುಂತಾದ ಪದಗಳ ದ್ವಿತ್ವಾಕ್ಷರಗಳಲ್ಲಿ ತುಟಿ ಮುಚ್ಚಿದ ಸ್ಥಿತಿಯನ್ನು ಒತ್ತಿಲ್ಲದ ಅಕ್ಷರಕ್ಕಿಂತ ಹೆಚ್ಚು ಚೌಕಟ್ಟುಗಳ ಕಾಲ ಹಿಡಿಯಬೇಕು. ಕನ್ನಡದ ಹೆಚ್ಚಿನ ಪದಗಳು ಸ್ವರಾಂತವಾಗಿರುವುದರಿಂದ ಪದದ ಕೊನೆಯಲ್ಲಿ ಬಾಯಿಯನ್ನು ತಟ್ಟನೆ ಮುಚ್ಚುವುದು ಅಸಹಜವೆನಿಸುತ್ತದೆ. ಇಂಗ್ಲಿಷ್‌ಗಾಗಿ ಸಿದ್ಧಪಡಿಸಿದ ಬಾಯಿಯ ಆಕಾರಗಳ ಪಟ್ಟಿಯನ್ನು ಬಳಸುವಾಗ ಈ ವ್ಯತ್ಯಾಸಗಳನ್ನು ಗಮನಿಸಬೇಕು. ಧ್ವನಿಯನ್ನು ಮೊದಲೇ ಮುದ್ರಿಸಿ, ನಂತರ ಬಾಯಿಯ ಚಲನೆಯನ್ನು ರಚಿಸುವುದು ಸರಿಯಾದ ಅನುಕ್ರಮ.

### ಲಿಪಿ

ಎಲ್ಲ ಅನಿಮೇಷನ್ ತಂತ್ರಾಂಶಗಳೂ ಕನ್ನಡದ ಗುಣಿತಾಕ್ಷರ ಮತ್ತು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುವುದು ಇದರ ಲಕ್ಷಣ. ಶೀರ್ಷಿಕೆಯನ್ನು ಇಂಕ್‌ಸ್ಕೇಪ್‌ನಂತಹ, ಲಿಪಿಜೋಡಣೆಗೆ ಬೆಂಬಲವಿರುವ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಶೈಲಿಯಿಂದ ರಚಿಸಿ, ರೇಖಾರೂಪಕ್ಕೆ ಪರಿವರ್ತಿಸಿ, ಎಸ್‌ವಿಜಿ ಅಥವಾ ಪಿಎನ್‌ಜಿ ಕಡತವಾಗಿ ಅನಿಮೇಷನ್ ತಂತ್ರಾಂಶಕ್ಕೆ ತರುವುದು ನಂಬಬಹುದಾದ ಉಪಾಯ.

## ಕರ್ನಾಟಕದಲ್ಲಿ

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲಿ ಪ್ರಕಟಿಸಿದ ಕರ್ನಾಟಕವು ಹಾಗೆ ಮಾಡಿದ ಭಾರತದ ಮೊದಲ ರಾಜ್ಯ. ನಂತರ 2017–22 ಮತ್ತು 2024–29ರ ಅವಧಿಗೆ ಪರಿಷ್ಕೃತ ನೀತಿಗಳು ಬಂದವು. ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರವು 2021ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಕನ್ನಡದ ಜನಪದ ಗೋವಿನ ಕಥೆಯನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ನಿರ್ದೇಶಿಸಿದ ಸಂಸ್ಕೃತ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಸಾರ್ವಜನಿಕರಿಂದ ಹಣ ಸಂಗ್ರಹಿಸಿ, ಬೇರೆ ಬೇರೆ ಊರುಗಳ ಕಲಾವಿದರ ಸಹಯೋಗದಿಂದ ತಯಾರಾದ ಈ ಚಿತ್ರಕ್ಕೆ ಇಳಯರಾಜ ಸಂಗೀತ ನೀಡಿದರು. ಒಂದೇ ಸೂರಿನಡಿ ಇಲ್ಲದ ಕಲಾವಿದರು ಸೇರಿ ದುಡಿಯುವ ಇಂತಹ ಯೋಜನೆಗಳಲ್ಲಿ ಕಡತಗಳ ಹೆಸರು, ಆವೃತ್ತಿ, ಫೋಲ್ಡರುಗಳ ಏಕರೂಪತೆಯೇ ಸಹಕಾರದ ಭಾಷೆಯಾಗುತ್ತದೆ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರ 2025ರ ಜುಲೈನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು.

ಉದ್ಯೋಗದ ದೃಷ್ಟಿಯಿಂದ ಈ ಕ್ಷೇತ್ರ ಸ್ಥಿರವಾದದ್ದಲ್ಲ. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹವು ಕುಸಿದಾಗ ಅದರ ಭಾರತೀಯ ಘಟಕವೂ ಮುಚ್ಚಿ, ಬೆಂಗಳೂರು ಮತ್ತು ಮುಂಬಯಿಗಳಲ್ಲಿ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಸಂಸ್ಥೆಯೂ ತಂತ್ರಾಂಶವೂ ಬದಲಾಗಬಹುದು. ಕ್ರಮಬದ್ಧವಾಗಿ ಕೆಲಸ ಮಾಡುವ ರೂಢಿ ಮಾತ್ರ ಕಲಾವಿದನೊಂದಿಗೆ ಉಳಿಯುತ್ತದೆ.

### ಕೋಲಾರ ಪ್ರದೇಶ

ಕೋಲಾರವು ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ಕೋಲಾರ ಮತ್ತು ಮುಳಬಾಗಿಲು ರಾಷ್ಟ್ರೀಯ ಹೆದ್ದಾರಿ 75ರ ಮೇಲೂ, ಮಾಲೂರು ಬೆಂಗಳೂರು–ಬಂಗಾರಪೇಟೆ ರೈಲುಮಾರ್ಗದಲ್ಲೂ ಇವೆ. ದಿನವೂ ಬೆಂಗಳೂರಿಗೆ ಓಡಾಡಿ ಕಲಿಯುವವರಿಗೆ ಗಣಕದ ಮುಂದೆ ಕಳೆಯುವ ಸಮಯ ಕಡಿಮೆಯಿರುವುದರಿಂದ, ಸ್ಟೋರಿಬೋರ್ಡ್, ಭಂಗಿಗಳ ರೇಖಾಚಿತ್ರ, ಆಧಾರ ದೃಶ್ಯಗಳ ಅವಲೋಕನ ಇವನ್ನು ಪ್ರಯಾಣದಲ್ಲಿಯೇ ಮಾಡಿಕೊಂಡು, ರೆಂಡರಿಂಗನ್ನು ರಾತ್ರಿಗೆ ಬಿಡುವುದು ಸಮಯದ ಸದುಪಯೋಗ.

ಅಭ್ಯಾಸಕ್ಕೆ ಬೇಕಾದ ವಸ್ತುಗಳು ಸುತ್ತಮುತ್ತಲೇ ದೊರೆಯುತ್ತವೆ. ಮಾಲೂರು ಇಟ್ಟಿಗೆ ಮತ್ತು ಹೆಂಚುಗಳಿಗೆ ಹೆಸರಾದ ಊರು. ಒಂದು ಹೆಂಚಿನ ಮಾದರಿಯನ್ನು ರಚಿಸಿ, ಅದನ್ನೇ ಪುನರಾವರ್ತಿಸಿ ಇಡೀ ಮಾಳಿಗೆಯನ್ನು ಹೊದಿಸುವುದು ಪುನರ್ಬಳಕೆಯ ಮೊದಲ ಪಾಠವಾಗಬಲ್ಲದು. ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳನ್ನು ಚಿತ್ರಿಸಲು ಮೂರು ನಾಲ್ಕು ಬಂಡೆಗಳ ಮಾದರಿ ಸಾಕು. ಅವನ್ನೇ ತಿರುಗಿಸಿ, ಗಾತ್ರ ಬದಲಿಸಿ ಜೋಡಿಸಿದರೆ ಬೆಟ್ಟವೇ ಸಿದ್ಧವಾಗುತ್ತದೆ. ಮೂಲ ಮಾದರಿಗೆ ಕೊಂಡಿಯಿರುವ ಪ್ರತಿಗಳನ್ನು ಬಳಸಿದರೆ ಗಣಕದ ಸ್ಮೃತಿಯೂ ಉಳಿಯುತ್ತದೆ. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಲ್ಪಡುತ್ತವೆ. ಮುಳಬಾಗಿಲು, ಶ್ರೀನಿವಾಸಪುರ ಭಾಗಗಳಲ್ಲಿ ಕನ್ನಡದೊಂದಿಗೆ ತೆಲುಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಎರಡೂ ಭಾಷೆಗಳ ವರ್ಣಮಾಲೆಯ ವಿಂಗಡಣೆ ಒಂದೇ ಆಗಿರುವುದರಿಂದ, ಒಮ್ಮೆ ಸಿದ್ಧಪಡಿಸಿದ ಬಾಯಿಯ ಆಕಾರಗಳನ್ನು ಎರಡೂ ಭಾಷೆಯ ಚಿತ್ರಗಳಿಗೆ ಬಳಸಬಹುದು.

ಕಥೆಯ ಆಯ್ಕೆಯಲ್ಲಿ ಹಕ್ಕುಸ್ವಾಮ್ಯವನ್ನು ಗಮನಿಸಬೇಕು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು 1986ರಲ್ಲಿಯೂ, ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪ ಅವರು 1975ರಲ್ಲಿಯೂ ನಿಧನರಾದರು. ಭಾರತೀಯ ಕಾನೂನಿನಂತೆ ಲೇಖಕರ ನಿಧನದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳಿಗೆ ಕ್ರಮವಾಗಿ 2046 ಮತ್ತು 2035ರ ಅಂತ್ಯದವರೆಗೆ. ಅವನ್ನು ಚಿತ್ರವಾಗಿಸಿ ಪ್ರಕಟಿಸಲು ಹಕ್ಕುದಾರರ ಅನುಮತಿ ಬೇಕು. ಹಿರಿಯರ ಬಾಯಲ್ಲಿ ಉಳಿದುಬಂದಿರುವ ಜನಪದ ಕಥೆಗಳಿಗೆ ಈ ತೊಡಕಿಲ್ಲ.

## ಮಿತಿಗಳು

ಕಾರ್ಯವಿಧಾನವು ಸೃಜನಶೀಲತೆಗೆ ಪರ್ಯಾಯವಲ್ಲ. ಭಂಗಿಗಳನ್ನು ಮೊದಲೇ ನಿರ್ಧರಿಸದೆ, ಮೊದಲ ಚೌಕಟ್ಟಿನಿಂದ ಕೊನೆಯವರೆಗೆ ಒಂದೇ ಸಮನೆ ರಚಿಸುತ್ತ ಹೋಗುವ ಪದ್ಧತಿಯೂ ಹನ್ನೆರಡು ಸೂತ್ರಗಳಲ್ಲಿ ಸ್ಥಾನ ಪಡೆದಿದೆ. ಬೆಂಕಿ, ನೀರು ಮುಂತಾದ ಅನಿಯತ ಚಲನೆಗಳಿಗೆ ಅದು ಹೆಚ್ಚು ಹೊಂದುತ್ತದೆ. ‘ಫ್ಲೋ’ ಚಿತ್ರದ ನಿರ್ದೇಶಕರು ಸ್ಟೋರಿಬೋರ್ಡ್ ಬಳಸದೆ, ಮೂರು ಆಯಾಮದ ದೃಶ್ಯದೊಳಗೆ ನೇರವಾಗಿ ಕ್ಯಾಮೆರಾ ಚಲಿಸಿ ಶಾಟ್‌ಗಳನ್ನು ಕಂಡುಕೊಂಡರು. ಆದರೆ ಅವರೂ ಅಂತಿಮ ಚಲನೆಗೆ ಮೊದಲು ಕರಡು ಅನಿಮ್ಯಾಟಿಕ್ ಸಿದ್ಧಪಡಿಸಿಕೊಂಡಿದ್ದರು. ಹಂತಗಳ ಹೆಸರು ಮತ್ತು ಸಂಖ್ಯೆ ಕಲಾವಿದರಿಂದ ಕಲಾವಿದರಿಗೆ ಬದಲಾಗಬಹುದು. ಅಗ್ಗದ ಕರಡಿನಲ್ಲಿ ತಪ್ಪುಗಳನ್ನು ಮುಗಿಸಿ, ದುಬಾರಿ ಹಂತಕ್ಕೆ ನಂತರ ಹೋಗಬೇಕೆಂಬ ತತ್ತ್ವ ಎಲ್ಲರಿಗೂ ಸಮಾನವಾದದ್ದು.

## ಇವನ್ನೂ ನೋಡಿ

* ಅನಿಮೇಷನ್
* ಬ್ಲೆಂಡರ್
* ತೊಗಲುಗೊಂಬೆಯಾಟ
* ಮುಕ್ತ ತಂತ್ರಾಂಶ
* ಕನ್ನಡ ವರ್ಣಮಾಲೆ
* ಕೋಲಾರ ಜಿಲ್ಲೆ